ಎಡಗಾಲಿನ ಮೇಲೊಂದು ದೂರು

ನಮ್ಮೂರಿನಲ್ಲಿ ಹೋಗುವಾಗಲೂ ಏರು, ಬರುವಾಗಲೂ ಏರು. ಮನೆಯಿಂದ ಮಾರ್ಕೆಟ್ಟಿಗೆ ಏದುಸಿರು ಬಿಡುತ್ತ ಹತ್ತಿದ ರಸ್ತೆಯನ್ನೇ, ಚೀಲ ತುಂಬಿಸಿಕೊಂಡು ವಾಪಸು ಬರುವಾಗಲೂ ಏದುಸಿರು ಬಿಡುತ್ತ ಹತ್ತಬೇಕು. ಹೊರಗಿನವರು ಇದನ್ನು ಕೇಳಿ ನಗುತ್ತಾರೆ. ನಮಗೆ ನಗುವಷ್ಟು ಉಸಿರು ಉಳಿದಿರುವುದಿಲ್ಲ. ಇಲ್ಲಿ ತರಕಾರಿ ಗಾಡಿ ತಳ್ಳಲು ಇಬ್ಬರು ಬೇಕು. ಮದುವೆ ಮೆರವಣಿಗೆಯಲ್ಲಿ ಓಲಗದವರು ಅರ್ಧ ದಾರಿಗೇ ಕೂತುಬಿಡುತ್ತಾರೆ. ಚರಂಡಿಯ ನೀರು ಎತ್ತ ಹರಿಯಬೇಕೆಂದು ತಿಳಿಯದೆ ಕೌನ್ಸಿಲರ್ ಮನೆಯ ಮುಂದೆ ವರ್ಷಗಳಿಂದ ಯೋಚಿಸುತ್ತ ನಿಂತಿದೆ. ನಮ್ಮೂರ ಹುಡುಗಿಯರ ಮೀನಖಂಡ ನೋಡಿ ಸಂಬಂಧ ಬೇಡವೆಂದು ಎದ್ದುಹೋದ ಬೀಗರುಂಟು. ಎದ್ದುಹೋಗುವುದೂ ಏರಿನ ಮೇಲೇ ಆದ್ದರಿಂದ ಅರ್ಧ ಜನ ಮೊದಲ ತಿರುವಿನಲ್ಲೇ ಮನಸ್ಸು ಬದಲಾಯಿಸಿ ವಾಪಸು ಬಂದು ಕಾಫಿ ಕುಡಿದದ್ದೂ ಉಂಟು.

ಇಂಥ ಊರಿನಲ್ಲಿ ನಾನು ಇಪ್ಪತ್ತಾರು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದೇನೆ. ಬೋರ್ಡಿನ ಮೇಲೆ ‘ಯಮುನಾ ಡ್ರೈವಿಂಗ್ ಸ್ಕೂಲ್’ ಎಂದು ನನ್ನ ಹೆಸರನ್ನೇ ಬರೆಸಿದ್ದೆ. ಎರಡನೇ ಮಳೆಗಾಲಕ್ಕೆ ಕೊಂಬಿನ ಬಣ್ಣ ಉದುರಿಹೋಗಿ ‘ಯಮನಾ ಡ್ರೈವಿಂಗ್ ಸ್ಕೂಲ್’ ಆಯಿತು. ಸರಿಮಾಡಿಸಲು ಹೋಗಲಿಲ್ಲ, ಕಲಿಯಲು ಬರುವವರಿಗೆ ಸ್ವಲ್ಪ ಭಯವಿದ್ದರೆ ಒಳ್ಳೆಯದೇ. ಬೇರೆ ಕಡೆ ಡ್ರೈವಿಂಗ್ ಎಂದರೆ ಸ್ಟೀರಿಂಗ್. ನಮ್ಮಲ್ಲಿ ಡ್ರೈವಿಂಗ್ ಎಂದರೆ ಎಡಗಾಲು, ಅಂದರೆ ಕ್ಲಚ್. ನನ್ನ ಹಳೇ ಜೀಪಿನಲ್ಲಿ ಮೊದಲ ವಾರ ಯಾರೂ ಚಪ್ಪಲಿ ಹಾಕುವಂತಿಲ್ಲ. ಬರಿಗಾಲನ್ನು ಕ್ಲಚ್ಚಿನ ಮೇಲಿಟ್ಟು, ನಿಧಾನವಾಗಿ ಎತ್ತುತ್ತ, ಇಂಜಿನ್ನು ‘ಹೂಂ’ ಅನ್ನುವ ಜಾಗವನ್ನು ಹುಡುಕಬೇಕು. ಆ ಜಾಗ ಸಿಕ್ಕಿದವರು ಡ್ರೈವರ್. ಸಿಗದವರು ಬ್ಯಾಂಕಿನ ಕ್ಯಾಶಿಯರ್ ಗುರುಬಸಯ್ಯ. ಆತ ನಾಲ್ಕು ಸಲ ಸೇರಿ ನಾಲ್ಕು ಸಲವೂ ನನ್ನಿಂದ ಬೈಸಿಕೊಂಡು ಬಿಟ್ಟವನು.

ಇಪ್ಪತ್ತಾರು ವರ್ಷ ಎಡಗಡೆಯ ಸೀಟಿನಲ್ಲಿ ಕೂತು ಬೇರೆಯವರ ತಪ್ಪುಗಳ ಜೊತೆ ಬದುಕಿದವಳು ನಾನು. ಒಂದು ಸಲವಾದರೂ ಬಲಗಡೆ ಕೂತು, ಪಕ್ಕದಲ್ಲಿ ಯಾರೂ ಇಲ್ಲದೆ, ನನ್ನ ಪಾಡಿಗೆ ನಾನು ಓಡಿಸಬೇಕೆಂಬ ಆಸೆ ಇತ್ತು. ಐವತ್ತೆರಡಕ್ಕೆ ಕಾಲಿಟ್ಟ ವರ್ಷ ಒಂದು ಕೆಂಪು ಕಾರು ತೆಗೆದುಕೊಂಡೆ. ಹೊಸದು. ನಮ್ಮೂರಿಗೆ ಅಲ್ಲಿಯತನಕ ಬಂದ ಗಾಡಿಗಳೆಲ್ಲ ಎರಡು ಮೂರು ಕೈ ದಾಟಿ ಬಂದವು. ಒಂದೂವರೆ ವರ್ಷಕ್ಕೊಮ್ಮೆ ಕ್ಲಚ್ ಪ್ಲೇಟ್ ಸವೆಯುತ್ತದೆ, ಮೆಕ್ಯಾನಿಕ್ ಗೌಸ್‌ಪೀರ್ ಹೊಸದು ಹಾಕುತ್ತಾನೆ, ಮನೆಗೆ ಸುಣ್ಣ ಹೊಡೆಸಿದಷ್ಟೇ ಸಹಜವಾಗಿ ಅದು ನಡೆದುಹೋಗುತ್ತದೆ. ವಾರಂಟಿ ಎಂಬುದನ್ನು ಊರು ಕಂಡದ್ದು ನನ್ನ ಕಾರಿನ ಜೊತೆಗೇ. ಜನ ಕಾರನ್ನು ಬಿಟ್ಟು ಆ ಪುಸ್ತಕ ನೋಡಲು ಬಂದರು. ಎರಡು ವರ್ಷ ಏನು ಕೆಟ್ಟರೂ ಅವರೇ ಸರಿಮಾಡಿಕೊಡುತ್ತಾರೆ ಎಂದು ಓದಿ ಹೇಳಿದೆ. ಪಕ್ಕದ ಮನೆಯ ಚೆನ್ನಬಸಮ್ಮ ಪುಸ್ತಕವನ್ನು ತಿರುವಿ ಹಾಕಿ, “ನಮ್ಮ ಅಳಿಯನ್ನ ತರುವಾಗ ಇಂಥದೊಂದು ಬರೆಸ್ಕೋಬೇಕಿತ್ತು” ಎಂದಳು.

ಏಳು ತಿಂಗಳು ಆ ಕಾರನ್ನು ಯಾರಿಗೂ ಮುಟ್ಟಲು ಕೊಡಲಿಲ್ಲ. ದಿನಾ ಸಂಜೆ ಊರನ್ನು ಮೂರು ಸುತ್ತು ಹಾಕುತ್ತಿದ್ದೆ. ಏಳನೇ ತಿಂಗಳ ಒಂದು ಶುಕ್ರವಾರ, ಮಾರ್ಕೆಟ್ಟಿನಲ್ಲಿ, ಹೂವಿನ ಅಂಗಡಿಗಳ ಎದುರಿಗೆ ಕ್ಲಚ್ ಪೆಡಲ್ ಕಾಲಡಿಯಲ್ಲಿ ಸತ್ತ ಹಾಗೆ ಮೆತ್ತಗಾಯಿತು. ಇಂಜಿನ್ನು ಕೂಗಿತು, ಗಾಡಿ ಕದಲಲಿಲ್ಲ. ಹಿಂದಕ್ಕೂ ಜಾರಲಿಲ್ಲ, ಹಿಂದೆಯೂ ಏರೇ ತಾನೆ. ಹಳೇ ಚಪ್ಪಲಿಯನ್ನೂ ಕೂದಲನ್ನೂ ಒಟ್ಟಿಗೆ ಸುಟ್ಟಂಥ ವಾಸನೆ ಎದ್ದಿತು. ಅದು ಕ್ಲಚ್ ಸುಟ್ಟ ವಾಸನೆ ಎಂದು ನಮ್ಮೂರಲ್ಲಿ ಮೂರು ವರ್ಷದ ಮಗುವೂ ಹೇಳುತ್ತದೆ. ಹೂ ಕೊಳ್ಳುತ್ತಿದ್ದವರು, ಕಟ್ಟುತ್ತಿದ್ದವರು, ನನ್ನ ಕೈಯಲ್ಲಿ ಕಲಿತವರು, ಬೈಸಿಕೊಂಡವರು ಎಲ್ಲ ಸುತ್ತ ನಿಂತರು. ಗುಂಪಿನೊಳಗಿಂದ ಗುರುಬಸಯ್ಯನ ತಲೆ ಹೊರಬಂತು.

“ಯಮುನಕ್ಕ, ಕಾಲು ಪೂರ್ತಿ ಎತ್ತಿದ್ರಾ? ಅಥ್ವಾ ಅಲ್ಲೇ ಇಟ್ಕೊಂಡು ನಿದ್ದೆ ಮಾಡಿದ್ರಾ?”

ಅದು ನನ್ನದೇ ಮಾತು. ನಾಲ್ಕು ಸಲ ಅವನಿಗೆ ನಾನೇ ಹೇಳಿದ್ದು. ಒಂದಕ್ಷರವೂ ಬದಲಾಗಿರಲಿಲ್ಲ, ಪಾಠ ಒಂದು ಬಿಟ್ಟು ಉಳಿದದ್ದನ್ನೆಲ್ಲ ಸರಿಯಾಗಿ ಕಲಿತಿದ್ದ.

ಗೌಸ್‌ಪೀರ್ ಬಂದು ಬಾನೆಟ್ಟಿಗೆ ಕಿವಿಯಿಟ್ಟ. “ಇದು ಏಳ್ ತಿಂಗ್ಳಿಗೆ ಹೋಗೋ ಪ್ಲೇಟಲ್ಲ ಅಕ್ಕಾ. ಆದ್ರೆ ನಾನು ಬಿಚ್ಚಾಕಿಲ್ಲ. ಬಿಚ್ಚಿದ್ರೆ ತಪ್ಪೆಲ್ಲ ನನ್ ತಲೆಗೆ ಕಟ್ತಾರೆ. ಲಾರಿ ಮೇಲೆ ಹಾಕಿ, ತಂದೋರ ಹತ್ರಕ್ಕೇ ಕಳ್ಸಿ” ಎಂದ.

ಶೋರೂಮು ಇರುವುದು ಜಿಲ್ಲಾ ಕೇಂದ್ರದಲ್ಲಿ, ಘಾಟಿಯ ಕೆಳಗೆ. ಕಾರು ಲಾರಿಯ ಮೇಲೆ ಹೋಯಿತು, ನಾನು ಎಂದಿನಂತೆ ಬಸ್ಸಿನಲ್ಲಿ, ಇಳಿಜಾರು ನೋಡಲಾರದೆ ಕಣ್ಣು ಮುಚ್ಚಿಕೊಂಡು ಹೋದೆ. ಅಲ್ಲಿಯ ನುಣುಪು ನೆಲದ ಮೇಲೆ ನಡೆಯುವುದೇ ನನಗೆ ಕಷ್ಟ. ಅಭ್ಯಾಸಬಲಕ್ಕೆ ಕಾಲು ಎತ್ತೆತ್ತಿ ಇಡುತ್ತೇನೆ, ನೋಡುವವರಿಗೆ ಕುದುರೆ ಬಂದಂತೆ ಕಾಣುತ್ತದೆ. ಸರ್ವೀಸ್ ವಿಭಾಗದಲ್ಲಿ ನಿಶ್ಚಲ್ ಎಂಬ ಟೈ ಕಟ್ಟಿದ ಯುವಕ ಕೂತಿದ್ದ.

“ಮೇಡಂ, ಕ್ಲಚ್ ಪ್ಲೇಟ್ ಕಂಪ್ಲೀಟ್ ಬರ್ನ್ ಆಗಿದೆ. ಇದು ಡ್ರೈವಿಂಗ್ ಹ್ಯಾಬಿಟ್ ಮೇಡಂ. ವಾರಂಟಿಯಲ್ಲಿ ಬರಲ್ಲ.”

“ನನ್ನ ಹ್ಯಾಬಿಟ್ ನೀವ್ಯಾವಾಗ ನೋಡಿದ್ರಿ?”

“ನೋಡೋದೇ ಬೇಡ. ಹಾಫ್ ಕ್ಲಚ್ ಹಿಡ್ಕೊಂಡೇ ಓಡಿಸ್ತೀರ.”

“ಏರಿನಲ್ಲಿ ಹಾಫ್ ಕ್ಲಚ್ ಹಿಡೀದೆ ಗಾಡಿ ಎತ್ತೋದು ಹೇಗೆ, ನೀವೇ ತೋರಿಸಿಕೊಡಿ.”

“ಏರಿನಲ್ಲಿ ಓಕೆ ಮೇಡಂ. ಇಳಿಯುವಾಗ ಕಾಲು ತೆಗೀಬೇಕಲ್ಲ?”

“ನಮ್ಮೂರಲ್ಲಿ ಇಳಿಯೋದಿಲ್ಲ.”

“ಇಳೀದೆ ಮತ್ತೇನ್ ಮಾಡ್ತೀರ?”

“ಹತ್ತುತ್ತೀವಿ.”

ಅವನು ಕಂಪ್ಯೂಟರನ್ನು ನೋಡಿದ. ಈ ಉತ್ತರಕ್ಕೆ ಅದರಲ್ಲಿ ಜಾಗವಿರಲಿಲ್ಲವೆಂದು ಕಾಣುತ್ತದೆ. ‘ಅಯೋಗ್ಯ ಬಳಕೆ’ ಎಂದು ಒತ್ತಿದ. ನಾನು ಸ್ವಂತ ದುಡ್ಡು ಕೊಟ್ಟು ಹೊಸ ಕ್ಲಚ್ ಹಾಕಿಸಿಕೊಂಡೆ. ಸುಟ್ಟ ಪ್ಲೇಟನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಹೆರಿಗೆಯಾದ ಮೇಲೆ ಮಗು ಕೊಟ್ಟಂತೆ ನನ್ನ ಕೈಗಿಟ್ಟರು. ಶೋರೂಮಿನ ಡ್ರೈವರ್ ಘಾಟಿ ಹತ್ತಿಸಿ ನಮ್ಮೂರ ಗಡಿಕಲ್ಲಿನ ತನಕ ಕಾರು ತಂದುಬಿಟ್ಟ.

ಅಲ್ಲಿಗೇ ಮುಗಿದಿದ್ದರೆ ನಾನೂ ಸುಮ್ಮನಾಗುತ್ತಿದ್ದೆನೇನೋ. ಎರಡು ವಾರದ ಮೇಲೆ ಒಂದು ರಿಜಿಸ್ಟರ್ಡ್ ಪತ್ರ ಬಂತು. ವಾರಂಟಿ ತಿರಸ್ಕರಿಸಲು ಕಾರಣ ಕೊಟ್ಟಿದ್ದರು: ‘ಚಾಲಕರಿಗೆ ಕ್ಲಚ್ ಬಳಕೆಯ ಪ್ರಾಥಮಿಕ ಜ್ಞಾನ ಇರುವುದಿಲ್ಲ.’

ನಮ್ಮೂರ ಪೋಸ್ಟ್‌ಮ್ಯಾನ್ ಹಾಲಪ್ಪ ಏರು ಹತ್ತುವ ಬೇಸರ ಕಳೆಯಲು ಕಾಗದಗಳನ್ನು ಓದಿಕೊಳ್ಳುತ್ತಾನೆ. ಅಂಟು ಬಿಚ್ಚಿ ಅಂಟಿಸುವುದರಲ್ಲಿ ಅವನ ಕೈ ಪಳಗಿದೆ. ಆದ್ದರಿಂದ ಆ ಸಾಲು ನನ್ನ ಮನೆ ಮುಟ್ಟುವ ಮೊದಲೇ ಊರಿನ ಮುಕ್ಕಾಲು ಪಾಲು ಮನೆಗಳನ್ನು ಮುಟ್ಟಿತ್ತು. ಸ್ಕೂಲಿನಲ್ಲಿ ಹನ್ನೊಂದು ಜನ ಕಲಿಯುತ್ತಿದ್ದರು. ಮುಂದಿನ ಸೋಮವಾರಕ್ಕೆ ಮೂವರಾದರು. ಒಬ್ಬಳ ಅಪ್ಪ ಬಂದು, ಕುರ್ಚಿಯ ತುದಿಯಲ್ಲಿ ಕೂತು, “ತಪ್ಪು ತಿಳ್ಕೋಬೇಡಿ ಯಮುನಕ್ಕ, ಮಗಳಿಗೆ ಪರೀಕ್ಷೆ” ಎಂದ. ಆ ಮಗಳ ಪರೀಕ್ಷೆ ಮುಗಿದು ತಿಂಗಳಾಗಿತ್ತು.

ನಾನು ಊರಿಗೆಲ್ಲ ಬೈದುಕೊಂಡು ತಿರುಗಿದೆ. ಮನೆಯೊಳಗೆ ಮಾತ್ರ ಬೇರೆ ನಡೆಯುತ್ತಿತ್ತು. ಬೆಳಿಗ್ಗೆ ಎದ್ದು ಕುರ್ಚಿಯ ಮೇಲೆ ಕೂತು, ಒಂದು ಮಣೆಯ ಮೇಲೆ ಎಡಗಾಲಿಟ್ಟು, ಎತ್ತುವುದು ಇಳಿಸುವುದು, ಎತ್ತುವುದು ಇಳಿಸುವುದು. ಕಾಲು ನಡುಗುತ್ತಿದೆಯೇ? ವಯಸ್ಸಾಯಿತೇ? ಬಾಯಿ ಸುಳ್ಳು ಹೇಳುವುದು ಗೊತ್ತು. ಇಷ್ಟು ವರ್ಷ ನಂಬಿದ ಕಾಲೂ ಸುಳ್ಳು ಹೇಳಲು ಶುರುಮಾಡಿದರೆ ಮನುಷ್ಯರು ಏನು ಮಾಡಬೇಕು? ಒಂದು ದಿನ ತಡೆಯಲಾರದೆ ಆ ಚೀಲ ಹಿಡಿದುಕೊಂಡು ಗೌಸ್‌ಪೀರನ ಗ್ಯಾರೇಜಿಗೆ ಹೋದೆ.

“ನಿಜ ಹೇಳು ಗೌಸು. ನನ್ನ ಕಾಲು ಕೆಟ್ಟಿದೆಯಾ?”

ಅವನು ಪ್ಲೇಟನ್ನು ಹೊರತೆಗೆದು, ಲುಂಗಿಯ ಅಂಚಿನಿಂದ ಒರೆಸಿ, ಬಿಸಿಲಿಗೆ ಹಿಡಿದ. ಅಂಚನ್ನು ಬೆರಳಿನಿಂದ ಸವರಿದ.

“ಅಕ್ಕಾ, ಈ ಊರಿನೋರ್ ಎಲ್ಲಾರ ಎಡಗಾಲ್ನೂ ನಾನು ಪ್ಲೇಟಲ್ಲಿ ಓದೀನಿ. ಸಿಟ್ಟಿನೋರ್ದು ಒಂಥರಾ ಸವೀತದೆ, ಅಂಜುಬುರುಕರದು ಒಂಥರಾ. ಕೌನ್ಸಿಲರ್ದು ಸವಿಯಾದೇ ಇಲ್ಲ, ಯಾಕಂದ್ರೆ ಗಾಡಿ ತಳ್ಳೋಕೇ ಜನ ಇಟ್ಟವ್ರೆ. ಆದ್ರೆ ಇದು ನೋಡಿ, ಸವ್ದೇ ಇಲ್ಲ. ಪದರ ಹಂಗೇ ಕಳಚ್ಕೊಂಡು ಬಂದೈತೆ, ದೋಸೆ ಎದ್ದಂಗೆ. ಅಂಟೇ ಸರಿಯಾಗಿ ಹಿಡ್ದಿಲ್ಲ. ಇದಕ್ಕೂ ನಿಮ್ ಕಾಲಿಗೂ ಸಂಬಂಧ ಇಲ್ಲ.”

ನಾನು ಅಲ್ಲೇ ಟೈರಿನ ಮೇಲೆ ಕೂತುಕೊಂಡು ಅವನು ತರಿಸಿಕೊಟ್ಟ ಚಹಾ ಕುಡಿದೆ. ಮನೆಗೆ ಬಂದು ಕಂಪನಿಯ ದೊಡ್ಡ ಕಚೇರಿಗೆ ಪತ್ರ ಬರೆದೆ. ‘ನನಗೆ ದುಡ್ಡು ಬೇಕಾಗಿಲ್ಲ. ಕ್ಲಚ್ಚೂ ಬೇಕಾಗಿಲ್ಲ. ಆ ಒಂದು ಸಾಲನ್ನು ವಾಪಸು ತೆಗೆದುಕೊಳ್ಳಿ. ಇಲ್ಲವೇ ನನ್ನ ಕಾಲನ್ನು ನೋಡಿದ ಮೇಲೆ ಅದನ್ನು ಬರೆಯಿರಿ.’ ಹೀಗೆ ಐದು ಪತ್ರ ಹೋದವು. ಐದನೆಯದಕ್ಕೆ ಒಬ್ಬ ಮನುಷ್ಯ ಬಂದ.

ತಿರುಮಲೇಶ ಎಂದು ಹೆಸರು. ಕಂಪನಿಯ ತಾಂತ್ರಿಕ ಪರೀಕ್ಷಕ. ತೆಳ್ಳಗಿನ ಆಳು. ಹೆಗಲಿಗೆ ಒಂದು ಬ್ಯಾಗು, ಅದರಲ್ಲಿ ಗಾರೆ ಕೆಲಸದವರು ಇಟ್ಟುಕೊಳ್ಳುವಂಥ ರಸಮಟ್ಟ. ಬಸ್‌ಸ್ಟ್ಯಾಂಡಿನಿಂದ ನನ್ನ ಮನೆಗೆ ನಡೆದು ಬರುವಷ್ಟರಲ್ಲಿ ಮೂರು ಕಡೆ ಕೂತಿದ್ದ. ನೀರು ಕುಡಿದು ಸುಧಾರಿಸಿಕೊಂಡು, “ಈ ಏರು ಎಷ್ಟಿದೆ ಅಂತ ಮೊದ್ಲು ಅಳೆದುಬಿಡೋಣ ಮೇಡಂ” ಎಂದು ರಸ್ತೆಗಿಳಿದ.

ರಸಮಟ್ಟವನ್ನು ರಸ್ತೆಯ ಮೇಲಿಟ್ಟ. ಅದರೊಳಗಿನ ಗುಳ್ಳೆ ಮೂಡಲ ಕಡೆಗೆ ಹೋಯಿತು. ಮೂಡಲ ಕಡೆ ಏರು ಎಂದು ಬರೆದುಕೊಂಡ. ನಾಲ್ಕು ಹೆಜ್ಜೆ ಹತ್ತಿ, ತಿರುಗಿ, ಬಂದ ದಾರಿಗೆ ಮುಖಮಾಡಿ ಮತ್ತೆ ಇಟ್ಟ. ಗುಳ್ಳೆ ಪಡುವಲ ಕಡೆಗೆ ಹೋಯಿತು. ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಮತ್ತೆ ಇಟ್ಟ. ಸುತ್ತ ಜನ ಸೇರಿದರು. ಚೆನ್ನಬಸಮ್ಮ ಜಗಲಿಯ ಮೇಲಿಂದ, “ಅದನ್ನ ಯಾಕಪ್ಪ ಅಲ್ಲಾಡಿಸ್ತೀಯ, ನಿನ್ನನ್ನ ನೀನು ತಿರುಗಿಸ್ಕೋಬೇಡ, ಸರಿಹೋಗುತ್ತೆ” ಎಂದಳು. ಅರ್ಧ ಗಂಟೆಯ ನಂತರ ತಿರುಮಲೇಶ ತನ್ನ ಪುಸ್ತಕದಲ್ಲಿ ‘ಉಪಕರಣ ಕೆಟ್ಟಿದೆ’ ಎಂದು ಬರೆದ. ಅವನ ವರದಿಯ ನಮೂನೆಯಲ್ಲಿ ಏರಿಗೊಂದು ಮನೆ, ಇಳಿಜಾರಿಗೊಂದು ಮನೆ ಇದ್ದವು. ಎರಡನೆಯದು ತುಂಬದೆ ಮುಂದಿನ ಪುಟಕ್ಕೆ ಹೋಗುವ ಹಾಗಿರಲಿಲ್ಲ.

ಆಮೇಲೆ ಕಾರಿನ ಚಕ್ರ ಬಿಚ್ಚಿಸಿ ಬ್ರೇಕು ನೋಡಿದ. ನೋಡಿ ಎದ್ದುನಿಂತವನ ಮುಖವೇ ಬದಲಾಗಿತ್ತು.

“ಮೀಟರ್ ಆರು ಸಾವಿರ ಕಿಲೋಮೀಟರ್ ತೋರಿಸ್ತಿದೆ. ಬ್ರೇಕ್ ಪ್ಯಾಡ್ ಮೇಲೆ ಒಂದು ಗೀರೂ ಇಲ್ಲ. ಫ್ಯಾಕ್ಟರಿಯಿಂದ ಬಂದ ಹಾಗೇ ಇದೆ. ಬ್ರೇಕ್ ಒತ್ತದೆ ಆರು ಸಾವಿರ ಕಿಲೋಮೀಟರ್ ಓಡ್ಸೋಕಾಗಲ್ಲ ಮೇಡಂ. ನೀವು ಮೀಟರ್ ತಿರುಗಿಸಿದ್ದೀರ.”

“ನಮ್ಮೂರಲ್ಲಿ ಎಕ್ಸಲರೇಟರ್ ಬಿಟ್ರೆ ಗಾಡಿ ತಾನೇ ನಿಲ್ಲುತ್ತೆ. ಬ್ರೇಕ್ ಯಾಕೆ ಒತ್ತಬೇಕು?”

“ಹಾಗಂತ ನಾನು ಬರೆದ್ರೆ ನನ್ನ ಕೆಲಸ ಹೋಗುತ್ತೆ.”

“ಮೊದ್ಲು ದಡ್ಡಿ ಅಂದ್ರಿ, ಈಗ ಕಳ್ಳಿ ಅಂತೀರಾ?” ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು. “ನಿಮಗೆ ಇಳಿಜಾರು ಬೇಕಲ್ಲ? ನಡೀರಿ. ಗಡಿಕಲ್ಲು ದಾಟಿದ್ರೆ ಘಾಟಿ. ಬೇಕಾದಷ್ಟು ಇಳಿಜಾರಿದೆ.”

“ನೀವೇ ಓಡಿಸ್ಬೇಕು. ಚಾಲಕರ ಪರೀಕ್ಷೆ ಇದು.”

ಆಗಲಿ ಎಂದುಬಿಟ್ಟೆ. ಕೋಪದಲ್ಲಿ ಆಡಿದ ಮಾತು. ಕಾರಿನಲ್ಲಿ ಕೂತ ಮೇಲೆ ನೆನಪಾಯಿತು, ನಾನು ಹುಟ್ಟಿದಾರಭ್ಯ ಇಳಿಜಾರಿನಲ್ಲಿ ಗಾಡಿ ಓಡಿಸಿದವಳಲ್ಲ. ಗೌಸ್‌ಪೀರ್ ಹಿಂದಿನ ಸೀಟಿನಲ್ಲಿ ಸುಟ್ಟ ಪ್ಲೇಟಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ತಿರುಮಲೇಶ ನನ್ನ ಪಕ್ಕದಲ್ಲಿ, ಇಷ್ಟು ವರ್ಷ ನಾನು ಕೂತಿದ್ದ ಜಾಗದಲ್ಲಿ.

ಗಡಿಕಲ್ಲು ದಾಟಿದ್ದೇ ಕಾರಿನ ಮೂತಿ ಕೆಳಕ್ಕೆ ಬಾಗಿತು. ನನ್ನ ಹೊಟ್ಟೆ ಮುಂದೆ ಹೋಯಿತು, ನಾನು ಹಿಂದೆ ಉಳಿದೆ. ಎಕ್ಸಲರೇಟರ್ ಬಿಟ್ಟೆ. ಗಾಡಿ ನಿಲ್ಲಲಿಲ್ಲ! ಬಿಟ್ಟಷ್ಟೂ ಓಡುತ್ತದೆ! ಇಂಥ ನಾಚಿಕೆಗೆಟ್ಟ ಗಾಡಿಯನ್ನು ನಾನು ಕಂಡಿರಲಿಲ್ಲ. ಎದುರಿಗೆ ಮೊದಲನೇ ತಿರುವು, ಅದರಾಚೆ ಬರೀ ಆಕಾಶ.

“ಬ್ರೇಕ್! ಬ್ರೇಕ್!” ತಿರುಮಲೇಶ ಕೂಗಿದ.

“ಯಾವುದು?”

“ಅಯ್ಯೋ ದೇವರೇ, ಡ್ರೈವಿಂಗ್ ಸ್ಕೂಲ್ ನಡೆಸ್ತೀರ, ಬ್ರೇಕ್ ಯಾವುದು ಅಂತೀರಾ! ನಡುವಿನದು!”

ನಡುವಿನದೆಂದು ನನಗೂ ಗೊತ್ತು. ಬಾಯಿಗೆ ಗೊತ್ತು, ಬಲಗಾಲಿಗೆ ಗೊತ್ತಿಲ್ಲ. ಅದು ಹುಡುಕುತ್ತಿತ್ತು, ಸಿಗುತ್ತಿರಲಿಲ್ಲ. ಹಿಂದಿನಿಂದ ಗೌಸ್‌ಪೀರ್ ಅಲ್ಲಾಹುವನ್ನು ಕರೆಯುವುದು ಕೇಳಿಸಿತು. ಅಷ್ಟರಲ್ಲಿ ಎಡಗಾಲು, ನನ್ನನ್ನು ಒಂದು ಮಾತೂ ಕೇಳದೆ, ತಾನೇ ಎದ್ದು ಕ್ಲಚ್ ಒತ್ತಿತು. ಕೈ ಎರಡನೇ ಗೇರಿಗೆ ಹೋಯಿತು. ಕಾಲು ನಿಧಾನವಾಗಿ ಎದ್ದಿತು. ಇಂಜಿನ್ನು ಗುರುಗುಟ್ಟಿ ಗಾಡಿಯ ಜುಟ್ಟು ಹಿಡಿಯಿತು. ಮತ್ತೆ ಕ್ಲಚ್, ಒಂದನೇ ಗೇರು. ಮತ್ತೆ ಅದೇ ಬರಿಗಾಲಿನ ನಿಧಾನ. ಒಂದು ಜರ್ಕೂ ಇಲ್ಲದೆ ಗಾಡಿ ನಡಿಗೆಯ ವೇಗಕ್ಕೆ ಬಂತು. ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಲು ನನಗೆ ಬೇಕಾದಷ್ಟು ಪುರಸೊತ್ತಿತ್ತು.

ಹನ್ನೊಂದು ತಿರುವುಗಳನ್ನು ಹಾಗೇ ಇಳಿದೆವು, ಒಂದನೇ ಗೇರಿನಲ್ಲಿ, ಬ್ರೇಕನ್ನು ಮುಟ್ಟದೆ. ಹಿಂದೆ ಎರಡು ಬಸ್ಸು, ನಾಲ್ಕು ಲಾರಿ ಸಾಲುಗಟ್ಟಿ ಹಾರ್ನ್ ಹೊಡೆದವು. ಒಂದು ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡು ನನ್ನ ವಂಶದ ಬಗ್ಗೆ ವಿಚಾರಿಸಿದ. ಆರನೇ ತಿರುವಿನಲ್ಲಿ ಒಂದು ಕುರಿಮಂದೆ ನಮ್ಮನ್ನು ಹಿಂದೆ ಹಾಕಿ ಹೋಯಿತು. ಗೇರು ಕೂತ ಮೇಲೆ ಎಡಗಾಲಿಗೆ ಕೆಲಸವೇ ಇರಲಿಲ್ಲ. ಪೆಡಲಿನ ಪಕ್ಕ ಸುಮ್ಮನೆ ಮಲಗಿತ್ತು. ನಮ್ಮೂರಲ್ಲಿ ಅದಕ್ಕೆ ಅಂಥ ಒಂದು ನಿಮಿಷವೂ ಸಿಕ್ಕಿರಲಿಲ್ಲ. ನನ್ನ ಕಣ್ಣು ಒದ್ದೆಯಾಯಿತು. ಗಾಳಿಗೆ ಎಂದು ಗೌಸ್‌ಪೀರನಿಗೆ ಹೇಳಿದೆ. ಕಿಟಕಿಯ ಗಾಜುಗಳೆಲ್ಲ ಏರಿಸಿದ್ದವು.

ಕೆಳಗಿನ ಬಯಲಿನಲ್ಲಿ ನಿಲ್ಲಿಸಿದೆ. ತಿರುಮಲೇಶ ಇಳಿದು ಸ್ವಲ್ಪ ಹೊತ್ತು ನೆಲ ಹಿಡಿದುಕೊಂಡು ಕೂತ. ಆಮೇಲೆ ಎದ್ದು ಮುಂದಿನ ಚಕ್ರದ ಸಂದಿಯಲ್ಲಿ ಬೆರಳು ತೂರಿಸಿ ಬ್ರೇಕಿನ ಡಿಸ್ಕನ್ನು ಮುಟ್ಟಿದ. ಘಾಟಿ ಇಳಿದು ಬಂದ ಯಾವ ಗಾಡಿಯ ಡಿಸ್ಕನ್ನು ಹಾಗೆ ಮುಟ್ಟಿದರೂ ಬೆರಳು ಸುಟ್ಟು ಬೊಬ್ಬೆ ಏಳಬೇಕು. ಅವನು ಬೆರಳನ್ನು ಅಲ್ಲೇ ಇಟ್ಟುಕೊಂಡು ನನ್ನ ಮುಖ ನೋಡಿದ.

“ತಣ್ಣಗಿದೆ” ಎಂದ.

“ನಾನು ಹೇಳಿದ್ದೂ ಅದನ್ನೇ.”

“ಕ್ಲಚ್ಚಿಂದೂ ವಾಸನೆ ಬರ್ತಿಲ್ಲ.”

“ಬರಬೇಕಾಗಿತ್ತಾ?”

ಗೌಸ್‌ಪೀರ್ ಆಗ ಚೀಲದಿಂದ ಪ್ಲೇಟು ತೆಗೆದು ಕೊಟ್ಟ. ಇಷ್ಟು ಪತ್ರ, ಇಷ್ಟು ಬೈಗುಳ, ಒಂದು ರಸಮಟ್ಟ, ಒಂದು ಘಾಟಿ ಆದ ಮೇಲೆ ಕಂಪನಿಯವನೊಬ್ಬ ಆ ಪ್ಲೇಟನ್ನು ನಿಜವಾಗಿ ನೋಡಿದ. ಉಗುರಿನಿಂದ ಅಂಚನ್ನು ಕೆದಕಿದ. ಉಳಿದಿದ್ದ ಪದರ ಸಲೀಸಾಗಿ ಎದ್ದುಬಂತು. “ಇದನ್ನ ನಾನು ತಗೊಂಡು ಹೋಗ್ತೀನಿ” ಎಂದು ರಸೀದಿ ಬರೆದುಕೊಟ್ಟು, ಬಸ್ಸಿಗೆ ಕಾಯದೆ, ಜಿಲ್ಲಾ ಕೇಂದ್ರದ ಕಡೆಗೆ ನಡೆದುಕೊಂಡೇ ಹೋದ. ಅವನಿಗೆ ಆ ದಿನ ಯಾವ ವಾಹನವೂ ಬೇಡವಾಗಿತ್ತು.

ಎರಡು ತಿಂಗಳಿಗೆ ಕಂಪನಿಯ ಪತ್ರ ಬಂತು. ಹಾಲಪ್ಪ ಅದನ್ನು ಓದುತ್ತಲೇ ಓಡಿಬಂದ. ನಮ್ಮೂರಿನಲ್ಲಿ ಯಾರಾದರೂ ಓಡಿದ್ದು ನಾನು ಕಂಡಂತೆ ಅದೇ ಮೊದಲು. ನನ್ನ ಕಾರಿನ ಬ್ಯಾಚಿನಲ್ಲಿ ತಯಾರಾದ ಪ್ಲೇಟುಗಳಲ್ಲಿ ಅಂಟಿನ ದೋಷವಿದ್ದದ್ದು ಪತ್ತೆಯಾಗಿದೆ, ನಾನು ಕೊಟ್ಟ ದುಡ್ಡು ವಾಪಸು ಕೊಡುತ್ತಾರೆ, ಇಷ್ಟು ಮೊದಲ ಪುಟ. ಎರಡನೇ ಪುಟದಲ್ಲಿ ವಾರಂಟಿಗೆ ಹೊಸದಾಗಿ ಸೇರಿಸಿದ ನಿಯಮ: ‘ಹೋಗುವಾಗಲೂ ಬರುವಾಗಲೂ ಏರಿರುವ ಊರುಗಳಿಗೆ ಈ ವಾರಂಟಿ ಅನ್ವಯಿಸುವುದಿಲ್ಲ.’ ನಾನು ಹಲ್ಲು ಕಡಿದೆ. ಊರಿಗೆ ಮಾತ್ರ ಹಬ್ಬವಾಯಿತು. ಕಂಪನಿ ನಮ್ಮ ಏರನ್ನು ಅಚ್ಚು ಹಾಕಿಸಿ ಒಪ್ಪಿಕೊಂಡಿದೆಯೆಂದು ಕೌನ್ಸಿಲರ್ ತನ್ನ ಫೋಟೋದ ಜೊತೆ ಬ್ಯಾನರ್ ಕಟ್ಟಿಸಿದ. ಇದಕ್ಕಾಗಿ ಅವನು ಮಾಡಿದ ಹೋರಾಟವೇನೆಂದು ಯಾರೂ ಕೇಳಲಿಲ್ಲ.

ನನ್ನ ಎಡಗಾಲಿನ ಮೇಲಿನ ಆ ಒಂದು ಸಾಲನ್ನು ಮಾತ್ರ ಅವರು ವಾಪಸು ತೆಗೆದುಕೊಂಡಿರಲಿಲ್ಲ. ‘ಹಿಂದಿನ ಪತ್ರವ್ಯವಹಾರವನ್ನು ಮುಕ್ತಾಯಗೊಳಿಸಲಾಗಿದೆ’ ಎಂದಷ್ಟೇ ಇತ್ತು. ದುಡ್ಡು ಬೇಡ ಎಂದು ಬರೆದವಳಿಗೆ ದುಡ್ಡು ಕೊಟ್ಟರು, ಸಾಲು ಕೇಳಿದವಳಿಗೆ ಸಾಲು ಕೊಡಲಿಲ್ಲ. ಆರನೇ ಪತ್ರ ಬರೆಯಲು ಕೂತಿದ್ದೆ, ಹಾಲಪ್ಪ ಬಾಗಿಲಲ್ಲೇ ನಿಂತು ಇನ್ನೊಂದು ಲಕೋಟೆ ಮುಂದೆ ಹಿಡಿದ. “ಇದನ್ನ ಓದಿಲ್ಲ ಯಮುನಕ್ಕ. ಕೈಬರಹ ಇತ್ತು, ಖಾಸಗಿ ಅನ್ನಿಸ್ತು.” ತಿರುಮಲೇಶ ಸ್ವಂತ ಕಾಗದದ ಮೇಲೆ ಸ್ವಂತ ಕೈಯಿಂದ ಬರೆದಿದ್ದ: ‘ಶ್ರೀಮತಿ ಯಮುನಾ ಅವರು ಬ್ರೇಕ್ ಮುಟ್ಟದೆ ಹನ್ನೊಂದು ತಿರುವುಗಳ ಘಾಟಿಯನ್ನು ಇಳಿದದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಕ್ಲಚ್ಚಿನ ವಿಷಯದಲ್ಲಿ ಅವರಿಗೆ ಗೊತ್ತಿಲ್ಲದ್ದು ಕಂಪನಿಗೂ ಗೊತ್ತಿಲ್ಲ. ಬ್ರೇಕಿನ ವಿಷಯ ಬೇರೆ. ಅದನ್ನು ದಯವಿಟ್ಟು ಕಲಿಯಿರಿ.’

ಮೂರು ಸಲ ಓದಿದೆ. ಗಾಜು ಹಾಕಿಸಿ ಸ್ಕೂಲಿನ ಬಾಗಿಲ ಮೇಲೆ ತೂಗುಹಾಕಿದೆ. ಕಡೆಯ ಎರಡು ಸಾಲನ್ನು ಕತ್ತರಿಸಿಬಿಡಿ ಎಂದು ಗೌಸ್‌ಪೀರ್ ಸಲಹೆ ಕೊಟ್ಟಿದ್ದ. ಕೈಯಲ್ಲಿ ಕತ್ತರಿ ಹಿಡಿದದ್ದೂ ಹೌದು. ಆದರೆ ಸತ್ಯವಾದ ಸಾಲನ್ನು ಬರೆಯಿರೆಂದು ಐದು ಪತ್ರ ಬರೆದವಳು ನಾನೇ, ಹಾಗೇ ಬಿಟ್ಟೆ.

ಮುಂದಿನ ಸೋಮವಾರ ಬಿಟ್ಟುಹೋದ ಎಂಟೂ ಜನ ವಾಪಸು ಬಂದರು. ಪರೀಕ್ಷೆ ಮುಗಿಯದ ಆ ಮಗಳೂ ಬಂದಳು. ಸಾಲಿನ ಕೊನೆಯಲ್ಲಿ ಗುರುಬಸಯ್ಯ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು, ಐದನೇ ಸಲದ ಅರ್ಜಿಯ ಜೊತೆ ನಿಂತಿದ್ದ. ಅವನನ್ನು ಬೈಯಲು ಬಾಯಿ ತೆರೆದವಳು ಅರ್ಜಿಯನ್ನಷ್ಟೇ ತೆಗೆದುಕೊಂಡೆ. ಮೂವರನ್ನು ಆರಿಸಿ ಜೀಪು ಹತ್ತಿಸಿದೆ, ಅವನನ್ನೂ ಸೇರಿಸಿ. ನಾನು ಬಲಗಡೆಯ ಸೀಟಿನಲ್ಲಿ ಕೂತೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ಗಡಿಕಲ್ಲಿನ ಹತ್ತಿರ ನಿಲ್ಲಿಸಿ, ಎದುರಿಗೆ ಬಾಗಿ ಮಲಗಿದ ರಸ್ತೆಯನ್ನು ತೋರಿಸಿದೆ.

“ಇವತ್ತು ನಡುವಿನ ಪೆಡಲಿನ ಪಾಠ” ಎಂದೆ. “ನಿಮಗೆ ಮೊದಲನೇ ಕ್ಲಾಸು, ನನಗೆ ಎರಡನೇದು. ಗಟ್ಟಿಯಾಗಿ ಹಿಡ್ಕೊಳ್ಳಿ.”